ಎರಡೂ ಕಡೆ ತೋರಿಸಿ ಎಂದು ಸರ್ಕಾರ ಹೇಳಬಹುದೇ?

2022ರ ಡಿಸೆಂಬರ್ 6ರ ಸಂಜೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಕರ್ನಾಟಕ-ಮಹಾರಾಷ್ಟ್ರ ಗಡಿಯ ಒಂದೇ ಜಗಳ ಎರಡು ಸುದ್ದಿಯಾಗಿ ಬಂತು. ಪಕ್ಕದ ಮನೆಯ ಕಾಕು ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು. ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತ್ತು. ಮರಾಠಿ ಯೂಟ್ಯೂಬ್ ಚಾನೆಲ್ ಒಂದು ಅದನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. "ನಿಮ್ಮವರು ಯಾಕೆ ಹೀಗೆ ಮಾಡ್ತಾರೆ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿ ಇತ್ತು. ಅಷ್ಟರಲ್ಲಿ ಬೆಳಗಾವಿಯಿಂದ ಭಾವನವರ ಫೋನ್. ಅವರು ನೋಡುತ್ತಿದ್ದ ಕನ್ನಡ ಚಾನೆಲ್‌ನಲ್ಲಿ ಪುಣೆಯ ಸ್ವಾರಗೇಟ್‌ನಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿಯುವ ದೃಶ್ಯ ಬರುತ್ತಿತ್ತಂತೆ. "ಎಲ್ಲಾರೂ ಆರಾಮ ಅದೀರಿಲ್ರೀ? ಹೊರಗ ಕನ್ನಡ ಮಾತಾಡಬ್ಯಾಡ್ರಿ" ಎಂದರು.

ಎರಡು ಚಾನೆಲ್‌ನವರೂ ಸುಳ್ಳು ಹೇಳಿರಲಿಲ್ಲ. ಕಲ್ಲು ಬಿದ್ದಿದ್ದೂ ನಿಜ, ಬಣ್ಣ ಬಳಿದಿದ್ದೂ ನಿಜ. ಆದರೆ ಕಾಕುಗೆ ಬಸ್ಸಿನ ಸುದ್ದಿ ಗೊತ್ತಿರಲಿಲ್ಲ. ಭಾವನವರಿಗೆ ಲಾರಿಯ ಸುದ್ದಿ ಗೊತ್ತಿರಲಿಲ್ಲ. ನಡುವೆ ಇದ್ದ ನಮಗೆ ಮಾತ್ರ ಎರಡೂ ಗೊತ್ತಿತ್ತು.

ಆ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಒಂದು ಮಾತು ಹೇಳಿದರು. ಆನ್‌ಲೈನ್ ಸುದ್ದಿ ಕೊಡುವವರು ಎರಡೂ ಕಡೆಯನ್ನು ತೋರಿಸಲೇಬೇಕು ಎಂದು ಸರ್ಕಾರ ಕಾನೂನು ಮಾಡಲಿ, ಆಗ ಈ ಬೆಂಕಿ ಹಚ್ಚುವ ಕೆಲಸ ನಿಲ್ಲುತ್ತದೆ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಹೋಗುವಾಗ ಲೋಕಲ್‌ನಲ್ಲಿ ಕೂತು ಯೋಚಿಸಿದಾಗ ಒಂದು ಪ್ರಶ್ನೆ ಎದ್ದಿತು. ಯಾವ ಸರ್ಕಾರ?

ಗಡಿಯ ವಿಷಯದಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗದ 1967ರ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್ 22ರಂದು ಕರ್ನಾಟಕ ವಿಧಾನಸಭೆ ಒಂದಿಂಚೂ ಜಾಗ ಬಿಡೆವು ಎಂದು ನಿರ್ಣಯ ಮಾಡಿತು. ಐದು ದಿನಕ್ಕೆ, 27ರಂದು, ಮಹಾರಾಷ್ಟ್ರ ವಿಧಾನಮಂಡಲ ಕರ್ನಾಟಕದಲ್ಲಿರುವ 865 ಹಳ್ಳಿಗಳು ನಮ್ಮವು ಎಂದು ನಿರ್ಣಯ ಮಾಡಿತು. ಅದಕ್ಕೆ ವಿರೋಧವೇ ಇರಲಿಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ ಎಲ್ಲ ಒಂದೇ ದನಿ.

ಈಗ ಸಮತೋಲನದ ಕಾನೂನು ಇದೆ ಎಂದುಕೊಳ್ಳಿ. ಪಕ್ಷಗಳಿಗೆ ಸಮಾನ ಜಾಗ ಕೊಡಬೇಕು ಎಂಬುದೇ ಅದರ ಅಳತೆ. ಮುಂಬೈಯ ಮರಾಠಿ ಸುದ್ದಿ ತಾಣ ಎಲ್ಲ ಪಕ್ಷಗಳ ಮಾತನ್ನೂ ಚಾಚೂ ತಪ್ಪದೆ ಹಾಕಬಹುದು. ಆದರೂ ಓದುಗರಿಗೆ ಒಂದೇ ಅಭಿಪ್ರಾಯ ಸಿಗುತ್ತದೆ. ಬೆಂಗಳೂರಿನಲ್ಲೂ ಅದೇ ಕಥೆ. ಯಾಕೆಂದರೆ ಪಕ್ಷಗಳನ್ನು ಎಣಿಸಬಹುದು, ಅಭಿಪ್ರಾಯಗಳನ್ನು ಎಣಿಸಲು ಆಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಆ ಜಗಳ ಶುರುವಾಗಿದ್ದು ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಹಳ್ಳಿಗಳ ಹೆಸರು ಹೇಳಿ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಅಲ್ಲಿನ ಹಳ್ಳಿಗಳು ಕರ್ನಾಟಕಕ್ಕೆ ಸೇರಲು ಹಿಂದೆ ನಿರ್ಣಯ ಮಾಡಿದ್ದವು ಎಂದು ನೆನಪಿಸಿದರು. ಮಹಾರಾಷ್ಟ್ರದ ನಾಯಕರು ಒಂದು ಹಳ್ಳಿಯೂ ಹೋಗದು ಎಂದರು. ಚಾನೆಲ್‌ಗಳಿಗೆ ಎರಡು ಕಡೆ ಸಿಕ್ಕವು. ಜತ್‌ನ ಜನ ಕೇಳಿದ್ದು ಮಾತ್ರ ನೀರು. ಮ್ಹೈಸಾಳ ಏತ ನೀರಾವರಿಯ ನೀರು ತಮ್ಮ ಹೊಲಕ್ಕೆ ಬರಲಿ ಎಂಬುದು ಅವರ ಹಳೆಯ ಬೇಡಿಕೆ. ಬಾವುಟ ಯಾವುದು ಎಂಬುದು ಅವರಿಗೆ ನೀರಿನ ಆಮೇಲಿನ ಮಾತು. ಎರಡೂ ಕಡೆ ತೋರಿಸಿ ಎಂಬ ಕಾನೂನು ಈ ಮೂರನೆಯ ಮಾತನ್ನು ಹುಡುಕಿಕೊಂಡು ಹೋಗುತ್ತಿತ್ತೇ? ನನಗೆ ಹಾಗೆ ಅನಿಸುವುದಿಲ್ಲ. ಎರಡು ಎಂದು ಕಾನೂನಿನಲ್ಲೇ ಬರೆದ ಮೇಲೆ ಮೂರನೆಯದನ್ನು ಯಾರೂ ಹುಡುಕುವುದಿಲ್ಲ.

ಇಂಥ ಕಾನೂನು ಹೊಸ ಯೋಚನೆಯೇನಲ್ಲ. ಅಮೆರಿಕದಲ್ಲಿ 1949ರಿಂದ 1987ರವರೆಗೆ ರೇಡಿಯೋ, ಟಿವಿಗೆ ಇಂಥದೇ ನಿಯಮ ಇತ್ತು. ಜನರಿಗೆ ಮುಖ್ಯವಾದ ವಿವಾದದ ವಿಷಯಗಳನ್ನು ಪ್ರಸಾರ ಮಾಡಬೇಕು, ಮಾಡಿದರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು. ಅದಕ್ಕೆ ಕೊಟ್ಟ ಕಾರಣ ಸರಳ. ಗಾಳಿಯ ಅಲೆಗಳು ಕೆಲವೇ ಕೆಲವು. ಒಬ್ಬನಿಗೆ ಲೈಸೆನ್ಸ್ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ. ಹಾಗಾಗಿ ಸಿಕ್ಕವನು ಅದನ್ನು ಎಲ್ಲರ ಪರವಾಗಿ ಇಟ್ಟುಕೊಂಡಿರಬೇಕು. ಪೆನ್ಸಿಲ್ವೇನಿಯಾದ ರೆಡ್ ಲಯನ್ ಎಂಬ ಊರಿನ ರೇಡಿಯೋದಲ್ಲಿ ಒಬ್ಬ ಪಾದ್ರಿ ಫ್ರೆಡ್ ಕುಕ್ ಎಂಬ ಪತ್ರಕರ್ತರನ್ನು ಬೈದರು. ಉತ್ತರಿಸಲು ಪುಕ್ಕಟೆ ಸಮಯ ಕೊಡಿ ಎಂದು ಕುಕ್ ಕೇಳಿದರು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕುಕ್ ಪರವಾಗಿ ನಿಂತಿತು. ಆದರೆ ಐದೇ ವರ್ಷಕ್ಕೆ, 1974ರಲ್ಲಿ, ಮಯಾಮಿ ಹೆರಾಲ್ಡ್ ಪತ್ರಿಕೆಯ ಪ್ರಕರಣದಲ್ಲಿ ಅದೇ ಕೋರ್ಟ್ ಪತ್ರಿಕೆಗೆ ಹಾಗೆ ಬಲವಂತ ಮಾಡುವಂತಿಲ್ಲ ಎಂದಿತು. ಏನು ಅಚ್ಚಾಗಬೇಕು, ಏನು ಬಿಡಬೇಕು ಎಂಬುದು ಸಂಪಾದಕರ ಕೆಲಸ ಎಂದಿತು.

ಇಂಟರ್ನೆಟ್ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ಅಲ್ಲಿ ಅಲೆಗಳ ಕೊರತೆ ಇಲ್ಲ. ಮೊಬೈಲ್ ಇದ್ದವರೆಲ್ಲ ಚಾನೆಲ್ ತೆರೆಯಬಹುದು. ಹಾಗಾಗಿ ರೇಡಿಯೋಗೆ ಕೊಟ್ಟ ಕಾರಣ ಇಲ್ಲಿಗೆ ಒಪ್ಪುವುದಿಲ್ಲ.

ಆ ನಿಯಮ ನಡೆದ ರೀತಿಯನ್ನೂ ನೋಡಬೇಕು. ಕೆನಡಿ ಅವರ ಕಾಲದಲ್ಲಿ ಡೆಮಾಕ್ರಾಟಿಕ್ ಪಕ್ಷದವರು ತಮ್ಮನ್ನು ಟೀಕಿಸುವ ಸಣ್ಣ ರೇಡಿಯೋಗಳ ಮೇಲೆ ದೂರಿನ ಮೇಲೆ ದೂರು ಹಾಕಿಸಿದರು. ಪುಕ್ಕಟೆ ಸಮಯ ಕೊಡುತ್ತಾ ಕೂತರೆ ರೇಡಿಯೋ ನಡೆಸುವುದು ಹೇಗೆ? ಆಮೇಲೆ ಅಧಿಕಾರ ಬದಲಾಯಿತು, ದೂರು ಕೊಡುವವರೂ ಬದಲಾದರು. ವಿವಾದವೇ ಬೇಡ ಎಂದು ಹಲವು ಕೇಂದ್ರಗಳು ಅಂಥ ವಿಷಯಗಳಿಂದ ದೂರ ಉಳಿದವು. ಎರಡೂ ಕಡೆ ಕೇಳಲಿ ಎಂದು ಮಾಡಿದ ನಿಯಮದಿಂದ ಕೆಲವೆಡೆ ಒಂದು ಕಡೆಯೂ ಕೇಳದಂತಾಯಿತು.

ನಮ್ಮ ದೇಶದ ಮಾತಿಗೆ ಬರೋಣ. ಇದರ ಒಂದು ದೊಡ್ಡ ತೀರ್ಪಿಗೆ ಕಾರಣವಾದದ್ದು ಪುಣೆಯ ಪತ್ರಿಕೆ. ನಾನಾಸಾಹೇಬ್ ಪರುಳೇಕರ್ 1932ರಲ್ಲಿ ಶುರು ಮಾಡಿದ 'ಸಕಾಳ್'. 1956ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದಿತು. ಇಷ್ಟು ಬೆಲೆಗೆ ಇಷ್ಟೇ ಪುಟ ಎಂದು ಸರ್ಕಾರ ನಿಗದಿ ಮಾಡಬಹುದಿತ್ತು. 1960ರಲ್ಲಿ ಅದರಂತೆ ಆದೇಶವೂ ಬಂತು. ಉದ್ದೇಶ ಕೇಳಲು ಚೆನ್ನಾಗಿತ್ತು. ದೊಡ್ಡ ಪತ್ರಿಕೆಗಳು ಸಣ್ಣವನ್ನು ನುಂಗಬಾರದು, ಬೇರೆ ಬೇರೆ ದನಿಗಳು ಉಳಿಯಬೇಕು. ಸಕಾಳ್ ಬೆಲೆ ಏರಿಸಬೇಕು, ಇಲ್ಲವೇ ಪುಟ ಇಳಿಸಬೇಕು ಎಂಬ ಪರಿಸ್ಥಿತಿ ಬಂತು. 1961ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನೂ ಆದೇಶವನ್ನೂ ಹೊಡೆದುಹಾಕಿತು.

ಕೋರ್ಟ್ ಹೇಳಿದ್ದರ ತಿರುಳು ಇವತ್ತಿಗೂ ಬೇಕಾದದ್ದು. ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನದ 19(2)ನೇ ವಿಧಿಯಲ್ಲಿ ಕಾರಣಗಳ ಪಟ್ಟಿಯೇ ಇದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಕುಮ್ಮಕ್ಕು ಮುಂತಾದವು. 'ಸಾರ್ವಜನಿಕರ ಒಳಿತಿಗಾಗಿ' ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಒಬ್ಬರ ಮಾತನ್ನು ಬೆಳೆಸಲು ಇನ್ನೊಬ್ಬರ ಮಾತನ್ನು ಕತ್ತರಿಸುವಂತಿಲ್ಲ. 'ಸಮತೋಲನ' ಕೂಡ ಆ ಪಟ್ಟಿಯಲ್ಲಿ ಇಲ್ಲ. ಖಾಸಗಿ ಸುದ್ದಿ ತಾಣಕ್ಕೆ ಅದನ್ನು ಕಡ್ಡಾಯ ಮಾಡಲು ಹೊರಟರೆ ಸಕಾಳ್ ತೀರ್ಪು ಅಡ್ಡ ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಾರಿಮನ್ ಪಾಯಿಂಟ್‌ನಲ್ಲಿ ಎಲ್‌ಐಸಿಯ ಕೇಂದ್ರ ಕಚೇರಿಯ ಹೆಸರು 'ಯೋಗಕ್ಷೇಮ'. ಎಲ್‌ಐಸಿಯ ಪತ್ರಿಕೆಯ ಹೆಸರೂ ಅದೇ. ಅಹಮದಾಬಾದಿನ ಗ್ರಾಹಕ ಹೋರಾಟಗಾರ ಮನುಭಾಯಿ ಶಾ ಎಲ್‌ಐಸಿಯ ಕ್ರಮಗಳನ್ನು ಟೀಕಿಸಿ ಬರೆದಿದ್ದರು. ಅದಕ್ಕೆ ಎಲ್‌ಐಸಿ ಕಡೆಯ ಉತ್ತರ ಈ ಪತ್ರಿಕೆಯಲ್ಲಿ ಅಚ್ಚಾಯಿತು. ಶಾ ಅವರ ಮರು ಉತ್ತರ ಅಚ್ಚಾಗಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹಾಕಬೇಕು ಎಂದಿತು. ಜನರ ದುಡ್ಡಿನಲ್ಲಿ ನಡೆಯುವ, ಸರ್ಕಾರದ್ದೇ ಆದ ಸಂಸ್ಥೆ ತನ್ನ ಒಂದೇ ಕಡೆಯನ್ನು ಹೇಳಿಕೊಳ್ಳುವುದು ನ್ಯಾಯವಲ್ಲ ಎಂಬುದು ಅದರ ಕಾರಣ. ಅದೇ ತೀರ್ಪಿನಲ್ಲಿ, ಭೋಪಾಲ್ ಅನಿಲ ದುರಂತದ ಸಾಕ್ಷ್ಯಚಿತ್ರವನ್ನು ದೂರದರ್ಶನ ನಿರಾಕರಿಸಿದ್ದೂ ತಪ್ಪು ಎಂದಿತು.

ನನಗೆ ಕಾಣುವ ಗೆರೆ ಇದೇ. ಪತ್ರಿಕೆ, ತಾಣ, ಚಾನೆಲ್ ಯಾರದ್ದು ಎಂದು ಮೊದಲು ಕೇಳಬೇಕು. ಸರ್ಕಾರದ್ದಾದರೆ ಸಮತೋಲನ ಕಡ್ಡಾಯವಾಗಿರಲಿ, ಅದು ಎಲ್ಲರ ದುಡ್ಡು. ನಾಗರಿಕರದ್ದಾದರೆ ಸರ್ಕಾರ ದೂರ ಇರಲಿ.

ಸರ್ಕಾರಿ ಮಾಧ್ಯಮಕ್ಕೆ ಆ ಕಾನೂನು ಈಗಾಗಲೇ ಇದೆ. ಪ್ರಸಾರ ಭಾರತಿ ಕಾಯ್ದೆಯ 12ನೇ ಸೆಕ್ಷನ್ ಬೇರೆ ಬೇರೆ ಅಭಿಪ್ರಾಯಗಳನ್ನು ಸಮತೋಲನದಿಂದ ಕೊಡಬೇಕು, ತನ್ನದೇ ಸಿದ್ಧಾಂತ ಹೇರಬಾರದು ಎನ್ನುತ್ತದೆ. ಚುನಾವಣೆ ಬಂದಾಗ ದೂರದರ್ಶನ, ಆಕಾಶವಾಣಿಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಸಮಯ ಹಂಚುತ್ತಾರೆ. ಒಳ್ಳೆಯ ಪದ್ಧತಿ. ಆದರೆ 2024ರ ಮೇ ತಿಂಗಳಲ್ಲಿ ಸಿಪಿಎಂನ ಸೀತಾರಾಂ ಯೆಚೂರಿ, ಫಾರ್ವರ್ಡ್ ಬ್ಲಾಕ್‌ನ ಜಿ. ದೇವರಾಜನ್ ಅವರ ಭಾಷಣಗಳಿಂದ ಕೆಲವು ಪದಗಳನ್ನು ತೆಗೆಸಿದರು. ಸರ್ಕಾರವನ್ನು ಟೀಕಿಸುವ ಪದಗಳೂ ಅದರಲ್ಲಿದ್ದವು. ಅಂದರೆ ನಿಮಿಷಗಳ ಲೆಕ್ಕ ಸರಿಯಾಗಿಯೇ ಇತ್ತು, ಕತ್ತರಿ ಬಿದ್ದದ್ದು ಮಾತಿಗೆ. ಎಲ್ಲ ಗೆರೆಗಳೂ ಬರೆದಿಟ್ಟಿರುವ ಸರ್ಕಾರಿ ಮಾಧ್ಯಮದಲ್ಲೇ ಹೀಗಾದರೆ, ಸಾವಿರಾರು ಖಾಸಗಿ ತಾಣಗಳಲ್ಲಿ ಏನಾದೀತು?

ಮುಂಬೈಯಲ್ಲಿರುವ ನಮಗೆ ಈ ಭಯಕ್ಕೆ ಉತ್ತರವೂ ಇಲ್ಲೇ, ಫೋರ್ಟ್‌ನ ಹೈಕೋರ್ಟ್ ಕಟ್ಟಡದಲ್ಲೇ ಮೂರು ಸಲ ಸಿಕ್ಕಿದೆ.

ಮೊದಲನೆಯದು ತುರ್ತುಪರಿಸ್ಥಿತಿಯ ಕಾಲದ್ದು. ಮೀನೂ ಮಸಾನಿ ಅವರ 'ಫ್ರೀಡಂ ಫಸ್ಟ್' ಎಂಬ ಸಣ್ಣ ಪತ್ರಿಕೆಯ 11 ಬರಹಗಳನ್ನು ಸೆನ್ಸಾರ್ ತಡೆದಿದ್ದರು. 1976ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಮದನ್ ಮತ್ತು ನ್ಯಾಯಮೂರ್ತಿ ಕಾನಿಯಾ ಅವರ ಪೀಠ ಮಸಾನಿ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ಪತ್ರಿಕೆಗಳೂ ಒಂದೇ ಸಾಲಿನಲ್ಲಿ ನಡೆಯುವಂತೆ, ಒಂದೇ ದನಿಯಲ್ಲಿ ಮಾತಾಡುವಂತೆ ಮಾಡುವುದು ಸೆನ್ಸಾರ್ ಕೆಲಸವಲ್ಲ ಎಂಬುದು ಅದರ ಅರ್ಥ. ದೇಶವೆಲ್ಲ ಬಾಯಿ ಮುಚ್ಚಿದ್ದ ದಿನಗಳಲ್ಲಿ ಇಷ್ಟು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಎರಡನೆಯದು 2021ರದ್ದು. ಆ ವರ್ಷದ ಫೆಬ್ರವರಿಯಲ್ಲಿ ಬಂದ ಕೇಂದ್ರದ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳ 9ನೇ ನಿಯಮ ಆನ್‌ಲೈನ್ ಸುದ್ದಿ ಪ್ರಕಾಶಕರಿಗೆ ಒಂದು ನೀತಿ ಸಂಹಿತೆ ಕಡ್ಡಾಯ ಮಾಡಿತು. ಪ್ರೆಸ್ ಕೌನ್ಸಿಲ್‌ನ ಸೂಚನೆಗಳು, ಕೇಬಲ್ ಟಿವಿಯ ಕಾರ್ಯಕ್ರಮ ಸಂಹಿತೆ ಎಲ್ಲ ಅದರೊಳಗೆ ಬಂದವು. ದೂರುಗಳಿಗೆ ಮೂರು ಹಂತ, ಮೂರನೆಯ ಹಂತದಲ್ಲಿ ಕೇಂದ್ರ ಸರ್ಕಾರವೇ. ಕೇಬಲ್ ಸಂಹಿತೆಯಲ್ಲಿ 'ಅರ್ಧಸತ್ಯ' ಇರಬಾರದು, ಯಾವ ವ್ಯಕ್ತಿಯನ್ನೂ ಟೀಕಿಸಬಾರದು ಎಂಬಂಥ ಮಾತುಗಳಿವೆ. ವ್ಯಕ್ತಿಯನ್ನು ಟೀಕಿಸದೆ ರಾಜಕೀಯ ಬರೆಯುವುದು ಹೇಗೆ, ಹೇಳಿ! 'ದ ಲೀಫ್‌ಲೆಟ್' ತಾಣ ಮತ್ತು ಪತ್ರಕರ್ತ ನಿಖಿಲ್ ವಾಗ್ಳೆ ಬಾಂಬೆ ಹೈಕೋರ್ಟಿಗೆ ಹೋದರು. 2021ರ ಆಗಸ್ಟ್ 14ರಂದು ಕೋರ್ಟ್ 9ನೇ ನಿಯಮದ ಮೊದಲ ಮತ್ತು ಮೂರನೆಯ ಭಾಗಗಳಿಗೆ ತಡೆ ಕೊಟ್ಟಿತು.

ಮೂರನೆಯದು ಫ್ಯಾಕ್ಟ್ ಚೆಕ್ ಘಟಕದ್ದು. 2023ರ ಏಪ್ರಿಲ್‌ನಲ್ಲಿ ಅದೇ ನಿಯಮಗಳಿಗೆ ತಿದ್ದುಪಡಿ ಬಂತು. ಕೇಂದ್ರ ಸರ್ಕಾರದ ಕೆಲಸಗಳ ಬಗ್ಗೆ ಆನ್‌ಲೈನ್‌ನಲ್ಲಿ ಬಂದದ್ದು ಸುಳ್ಳೋ, ದಾರಿ ತಪ್ಪಿಸುವಂಥದ್ದೋ ಎಂದು ಸರ್ಕಾರದ ಘಟಕವೇ ಹೇಳುವುದು. ಅದು ಹೇಳಿದ ಮೇಲೂ ಉಳಿಸಿಕೊಂಡ ವೇದಿಕೆಗೆ, ಬೇರೆಯವರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಾನೂನಿನ ರಕ್ಷಣೆ ತಪ್ಪುವ ಭಯ. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮತ್ತಿತರರು ಪ್ರಶ್ನೆ ಮಾಡಿದರು. 2024ರ ಜನವರಿ 31ರಂದು ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಗೌತಮ್ ಪಟೇಲ್ ತಿದ್ದುಪಡಿಯ ವಿರುದ್ಧ, ನೀಲಾ ಗೋಖಲೆ ಅದರ ಪರ. ಮೂರನೆಯವರಾದ ಎ.ಎಸ್. ಚಂದೂರ್ಕರ್ ಸೆಪ್ಟೆಂಬರ್ 20ರಂದು ಪಟೇಲ್ ಅವರ ಅಭಿಪ್ರಾಯವನ್ನು ಒಪ್ಪಿದರು. ತಿದ್ದುಪಡಿ ಬಿತ್ತು. ಅದು ನಿಜ ಮತ್ತು ಸುಳ್ಳಿನ ಪ್ರಶ್ನೆ. ಸಮತೋಲನ ಅದಕ್ಕಿಂತ ಕಷ್ಟದ್ದು. ಸುಳ್ಳಿಗೆ ದಾಖಲೆ ತೋರಿಸಬಹುದು. ಸಮತೋಲನ ತಪ್ಪಿದೆ ಎಂಬುದಕ್ಕೆ ಏನನ್ನು ತೋರಿಸುತ್ತೀರಿ?

ಇಂಥ ಕಾನೂನಿನ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಶಾಲೆಯ ಬಗ್ಗೆ ಬರೆಯುತ್ತಿದ್ದೆ. ಟೀಚರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಎರಡು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಸಂಬಂಧಪಟ್ಟ ಅಧಿಕಾರಿಯ ಮಾತೂ ಇರಲಿ ಎಂದು ಮೂರು ಸಲ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದರು. ಪತ್ರ ಕೊಟ್ಟು ಬಂದೆ, ಉತ್ತರ ಬರಲಿಲ್ಲ. ಕೊನೆಗೆ ಅವರ ಉತ್ತರ ಸಿಗಲಿಲ್ಲ ಎಂದೇ ಬರೆದು ಪ್ರಕಟಿಸಿದೆ. ಎರಡೂ ಕಡೆ ಇಲ್ಲದೆ ಪ್ರಕಟಿಸುವಂತಿಲ್ಲ ಎಂಬ ಕಾನೂನು ಇದ್ದಿದ್ದರೆ? ಅವರು ಸುಮ್ನೆ ಇದ್ದೇ ಆ ಬರಹವನ್ನು ನಿಲ್ಲಿಸಬಹುದಿತ್ತು. ಎರಡು ಕಡೆ ಕೇಳುವುದು ಪತ್ರಕರ್ತರ ಧರ್ಮ, ನಾನೂ ಅದನ್ನೇ ಮಾಡಿದ್ದು. ಅದು ಕಾನೂನಾದರೆ ಬಲ ಸಿಗುವುದು ಉತ್ತರ ಕೊಡದೆ ಕೂತವರಿಗೆ.

ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ. ದೂರು ಬಂದರೆ ಹತ್ತು ಜನ ಕೂತು ಉತ್ತರ ಬರೆಯುತ್ತಾರೆ. ಒಬ್ಬರೇ ಕ್ಯಾಮೆರಾ ಹಿಡಿದು, ಒಬ್ಬರೇ ಎಡಿಟ್ ಮಾಡಿ, ಕೆಲಸ ಮುಗಿಸಿ ಬಂದು ರಾತ್ರಿ ಅಪ್‌ಲೋಡ್ ಮಾಡುವ ಕನ್ನಡದವರು ಈ ಊರಲ್ಲಿ ಇದ್ದಾರೆ. ಅವರಿಗೆ ಒಂದು ನೋಟಿಸ್ ಸಾಕು.

ಸಂಘದ ಆ ಹಿರಿಯರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಅವರ ನೋವು ನಿಜವಾದದ್ದು. ಅಲೆಗಳ ಕೊರತೆ ಇಲ್ಲದಿರಬಹುದು, ಆದರೆ ಜನರ ಕಣ್ಣಿಗೆ ಏನು ಬೀಳಬೇಕು ಎಂದು ಆರಿಸುವವರು ಕೆಲವೇ ಕಂಪನಿಗಳು. ಬೆಳಗಾವಿಯ ಎರಡು ಸಿಟ್ಟಿನ ವಿಡಿಯೋ ನೋಡಿದರೆ ಮೂರನೆಯದು ಇನ್ನೂ ಸಿಟ್ಟಿನದ್ದು ಬರುತ್ತದೆ. ಕಾಕುಗೆ ಬಸ್ಸಿನ ಸುದ್ದಿ ಸಿಗದೇ ಹೋದದ್ದಕ್ಕೆ ಮರಾಠಿ ಪತ್ರಕರ್ತರಷ್ಟೇ ಕಾರಣರಲ್ಲ. ಬಸ್ಸಿನ ಸುದ್ದಿ ಮರಾಠಿಯಲ್ಲೂ ಇತ್ತು. ಅದು ಅವರ ಮೊಬೈಲ್‌ಗೆ ಬರಲಿಲ್ಲ, ಅಷ್ಟೇ.

ಸರ್ಕಾರ ಕೈ ಹಾಕಬಹುದಾದ ಜಾಗ ಇದು ಎಂದು ನನಗೆ ಅನಿಸುತ್ತದೆ. ಅಭಿಪ್ರಾಯವನ್ನು ಮುಟ್ಟದೆ, ಅದು ಹಂಚಿಕೆಯಾಗುವ ವ್ಯವಸ್ಥೆಯನ್ನು ಬಿಚ್ಚಿ ತೋರಿಸಿ ಎಂದು ಕೇಳಬಹುದು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿದೆ. ಅಲ್ಲಿ 4.5 ಕೋಟಿಗಿಂತ ಜಾಸ್ತಿ ಬಳಕೆದಾರರಿರುವ ವೇದಿಕೆಗಳು ನಮ್ಮ ಹಿಂದಿನ ನಡೆ ನೋಡಿ ಆರಿಸದ ಫೀಡ್ ಅನ್ನೂ ಕೊಡಬೇಕು. ಜಾಹೀರಾತಿಗೆ ಯಾರು ದುಡ್ಡು ಕೊಟ್ಟರು ಎಂಬ ಪಟ್ಟಿ ಎಲ್ಲರಿಗೂ ತೆರೆದಿರಬೇಕು. ಯಾವ ಪಕ್ಷಕ್ಕೆ ಎಷ್ಟು ಜಾಗ ಎಂದು ಆ ಕಾಯ್ದೆ ಹೇಳುವುದಿಲ್ಲ. ನಮ್ಮಲ್ಲೂ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ವೇದಿಕೆಗಳಿಗೆ ಪ್ರತ್ಯೇಕ ಹೊಣೆಗಳಿವೆ. ಅದಕ್ಕೆ ಇದನ್ನು ಸೇರಿಸಲು ಅಡ್ಡಿಯೇನು?

ದುಡ್ಡಿನ ಲೆಕ್ಕವನ್ನು ಸರ್ಕಾರ ತನ್ನಿಂದಲೇ ಶುರು ಮಾಡಲಿ. 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಡಿಜಿಟಲ್ ಜಾಹೀರಾತು ನೀತಿಯಂತೆ ತಾಣಗಳು, ಆ್ಯಪ್‌ಗಳು, ಸೋಷಿಯಲ್ ಮೀಡಿಯಾದಲ್ಲಿ ಸರ್ಕಾರಿ ಜಾಹೀರಾತು ಹಾಕಬಹುದು. ಉತ್ತರ ಪ್ರದೇಶದ 2024ರ ನೀತಿಯಲ್ಲಿ ಸರ್ಕಾರದ ಯೋಜನೆಗಳ ಪ್ರಚಾರ ಮಾಡುವ ಯೂಟ್ಯೂಬ್‌ನವರಿಗೆ ತಿಂಗಳಿಗೆ 8 ಲಕ್ಷ ರೂಪಾಯಿವರೆಗೆ ಕೊಡಲು ಅವಕಾಶ ಇದೆ. ಹೀಗೆ ಜಾಹೀರಾತು ಕೊಡುವವರೇ ಸಮತೋಲನ ಅಳೆಯುವವರೂ ಆದರೆ, ಸಣ್ಣ ಚಾನೆಲ್‌ನವರು ಯಾವ ಕಡೆ ವಾಲುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಸಿ ಸುಳ್ಳಿನ ವಿಷಯ ಬೇರೆ. 2022ರ ಡಿಸೆಂಬರ್ 14ರಂದು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಜೊತೆ ಮಾತಾಡಿದ ಮೇಲೆ ಗೃಹ ಸಚಿವ ಅಮಿತ್ ಶಾ, ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಈ ಬೆಂಕಿಗೆ ಕಾರಣ ಎಂದಿದ್ದರು. ನಕಲಿ ಖಾತೆ ಮೋಸ. ಅದನ್ನು ಹಿಡಿಯಲು ಈಗಿರುವ ಕಾನೂನೇ ಸಾಕು.

2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆಯಿತು. ಬೆಳಗಾವಿ ಹತ್ತಿರ ಕರ್ನಾಟಕದ ಬಸ್ ಕಂಡಕ್ಟರ್ ಮೇಲೆ ಹಲ್ಲೆ. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕನಿಗೆ ಮಸಿ. ಆ ಕಡೆಯ ಬಸ್ಸುಗಳು ನಿಂತವು. ಅವತ್ತು ಕಾಕು ಮೊಬೈಲ್ ತೋರಿಸಲು ಬರಲಿಲ್ಲ. ಬಾಗಿಲಲ್ಲೇ ನಿಂತು, "ನಿಮ್ಮ ಕಡೆ ಚಾನೆಲ್‌ನವರು ಏನು ಹೇಳ್ತಿದ್ದಾರೆ? ಸ್ವಲ್ಪ ಮರಾಠಿಯಲ್ಲಿ ಹೇಳು" ಎಂದರು. ನಾನು ಕನ್ನಡ ಸುದ್ದಿ ಹಾಕಿ ಒಂದೊಂದೇ ವಾಕ್ಯ ಹೇಳುತ್ತಾ ಹೋದೆ. ಚಾಲಕನ ಸುದ್ದಿ ಬಂದಾಗ ನಾನೂ ಸ್ವಲ್ಪ ತಡವರಿಸಿದೆ. ಆಮೇಲೆ ಭಾವನವರಿಗೆ ಫೋನ್ ಮಾಡಿ ಕಾಕು ಕೈಗೆ ಕೊಟ್ಟೆ.